ಗೆರೆ ದಾಟದ ಸಂಗನಬಸವ

ಮಸ್ಕಿಯ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಗೊಬ್ಬರ, ಬೀಜ, ಕೀಟನಾಶಕಗಳ ಅಂಗಡಿ ಇಟ್ಟಿದ್ದ ಸಂಗನಬಸವ ಕುಡಿಯುತ್ತಾನೆ ಎಂದರೆ ಊರಿನಲ್ಲಿ ಯಾರೂ ನಂಬುತ್ತಿರಲಿಲ್ಲ. ಕುಡಿಯುವುದಿಲ್ಲ ಎಂದರೆ ಅದು ಸುಳ್ಳಾಗುತ್ತಿತ್ತು. ಈ ಎರಡರ ನಡುವಿನ ಸಣ್ಣ ಸಂದಿಯಲ್ಲಿ ಅವನು ಬಹಳ ವರ್ಷ ನೆಮ್ಮದಿಯಾಗಿ ಬದುಕಿದ್ದ.

ಆ ಸಂದಿಯ ಅಗಲ ಮೂವತ್ತು ಮಿಲಿಲೀಟರ್. ವಾರಕ್ಕೊಮ್ಮೆ, ಭಾನುವಾರ ಸಂಜೆ, ಬ್ರಾಂಡಿ. ಕಣ್ಣಳತೆಯಲ್ಲಿ ಸುರಿದುಕೊಳ್ಳುವವರೇ ಹಾಳಾಗುವುದು ಎಂದು ಅವನು ಯಾವುದೋ ಪತ್ರಿಕೆಯ ಪುರವಣಿಯಲ್ಲಿ ಓದಿದ್ದ. ಲೇಖನದ ಉಳಿದ ಭಾಗ ಮುಂದಿನ ಪುಟದಲ್ಲಿತ್ತು, ಆ ಪುಟದಲ್ಲಿ ಹೆಂಡತಿ ಅಮರೇಶ್ವರಿ ಮಿರ್ಚಿ ಭಜಿ ಕಟ್ಟಿಟ್ಟಿದ್ದಳು. ಓದಿದಷ್ಟನ್ನು ಅವನು ಶ್ರದ್ಧೆಯಿಂದ ಪಾಲಿಸಿದ. ಅಂಗಡಿಗೆ ಬರುವ ರೈತರಿಗೆ ದಿನಾ ಹೇಳುತ್ತಿದ್ದುದೂ ಅದನ್ನೇ: "ಕಣ್ಣಳತಿ ಮಾಡಬ್ಯಾಡ್ರಿ, ನೆಲ್ಲು ಸುಟ್ಟುಹೋಗ್ತದ. ಡಬ್ಬಿಯೊಳಗ ಮಾಪಿನ ಕಪ್ ಇರ್ತದ, ಗೆರಿ ನೋಡಿ ಹಾಕ್ರಿ." ಕೀಟನಾಶಕದ ಜೊತೆ ಬರುವ, ಗೆರೆ ಕೊರೆದ ಆ ಪುಟ್ಟ ಪ್ಲಾಸ್ಟಿಕ್ ಕಪ್ಪುಗಳಲ್ಲಿ ಒಂದನ್ನು, ಹೊಸದನ್ನೇ, ಅವನು ತನಗೆಂದು ಎತ್ತಿಟ್ಟುಕೊಂಡಿದ್ದ. ಬ್ರಾಂಡಿ ಗೆರೆಯ ಮೇಲೆ ಒಂದು ಹನಿ ನಿಂತರೂ ಅದನ್ನು ಬಾಟಲಿಗೆ ವಾಪಸು ಬಿಡುತ್ತಿದ್ದ.

ಬಾಟಲಿ ಇದ್ದದ್ದು ಮನೆಯ ಮಾಳಿಗೆಯ ಮೇಲಿನ ತಗಡಿನ ಕೋಣೆಯಲ್ಲಿ, ಅಂಗಡಿಯ ಹೆಚ್ಚುವರಿ ಸರಕಿನ ನಡುವೆ. ಅದರಲ್ಲೂ ಅವನು ಆರಿಸಿದ್ದು ಕೆಂಪು ತ್ರಿಕೋನದ ಪೆಟ್ಟಿಗೆ. ಹಸಿರು ತ್ರಿಕೋನದ್ದು ಸೌಮ್ಯ, ಕೆಂಪಿನದು ಕಡು ವಿಷ ಎಂಬುದು ಆ ಓಣಿಯಲ್ಲಿ ಓದು ಬರದವರಿಗೂ ಗೊತ್ತು. ಹಾಗಾಗಿ ಅಮರೇಶ್ವರಿ ಆ ಪೆಟ್ಟಿಗೆಯನ್ನು ಕಸಬರಿಗೆಯ ತುದಿಯಿಂದಲೂ ಮುಟ್ಟುತ್ತಿರಲಿಲ್ಲ. ಇಷ್ಟು ಭದ್ರವಾದ ಜಾಗ ಬ್ಯಾಂಕಿನಲ್ಲೂ ಸಿಗದು ಎಂದು ಸಂಗನಬಸವ ಹೆಮ್ಮೆಪಡುತ್ತಿದ್ದ.

ಅವನ ನೆಮ್ಮದಿ ಕೆಟ್ಟದ್ದು ಮಗಳು ಅಶ್ವಿನಿಯ ಸಂಬಂಧದಿಂದ. ಲಿಂಗಸುಗೂರಿನ ಬಟ್ಟೆ ವ್ಯಾಪಾರಿ ಶಿವಶರಣಪ್ಪನವರ ಮಗ ವೀರೇಂದ್ರ, ಹೈಸ್ಕೂಲು ಮಾಸ್ತರ. ಅವನೂ ಅಶ್ವಿನಿಯೂ ಸಿಂಧನೂರಿನಲ್ಲಿ ಒಟ್ಟಿಗೇ ಬಿ.ಎಡ್. ಮಾಡಿದವರು. ಉಳಿದದ್ದು ತಮಗೆ ಗೊತ್ತಿಲ್ಲದಂತೆ ಎರಡೂ ಮನೆಯವರು ನಟಿಸುತ್ತಿದ್ದರು. "ಆದ್ರ ಇದs ಸಂಬಂಧ, ಇಲ್ಲಂದ್ರ ಯಾವ್ದೂ ಬ್ಯಾಡ" ಎಂದು ಅಶ್ವಿನಿ ಅಪ್ಪನಿಗೆ ಹೇಳಿಯಾಗಿತ್ತು.

ಹೆಣ್ಣು ನೋಡಲು ಬಂದ ದಿನ, ಹಣೆಯ ತುಂಬ ವಿಭೂತಿ ಧರಿಸಿದ್ದ ಶಿವಶರಣಪ್ಪನವರು ಅವಲಕ್ಕಿಯ ತಟ್ಟೆ ಕೆಳಗಿಟ್ಟು ಗಂಟಲು ಸರಿಮಾಡಿಕೊಂಡರು. ಮಠದ ವ್ಯಸನಮುಕ್ತಿ ಸಭೆಗಳಲ್ಲಿ ಅವರ ಭಾಷಣ ಇದ್ದೇ ಇರುತ್ತಿತ್ತು.

"ನೋಡ್ರಿ, ನಮಗ ಬಂಗಾರ ಬ್ಯಾಡ, ರೊಕ್ಕ ಬ್ಯಾಡ. ಮನ್ಯಾಗ ಸೆರೆ ಇರಬಾರದು. ಒಂದು ಹನಿ ಇದ್ರೂ ನಾವು ಆ ಮನ್ಯಾಗ ಕಾಯಿ ಒಡಿಯೂದಿಲ್ಲ."

ಸಂಗನಬಸವ 'ಹೂಂ' ಎಂದಿದ್ದರೆ ಸಾಕಿತ್ತು. ಅವನು ಎದೆ ಸೆಟೆಸಿ ಹೇಳಿದ: "ನಮ್ಮ ಮುತ್ಯಾನ ಕಾಲದಿಂದ ಈ ಹೊಸ್ತಿಲ ದಾಟಿ ಒಂದು ಹನಿ ಒಳಗ ಬಂದಿಲ್ರಿ."

ಸತ್ಯಾಂಶ ಹೀಗಿದೆ: ಆ ಹೊಸ್ತಿಲು ಕೂಡಿಸಿದ್ದು ಮುತ್ಯಾ ತೀರಿಕೊಂಡ ಮೇಲೆ. ಮುತ್ಯಾ ಇದ್ದ ತುರ್ವಿಹಾಳದ ಮನೆಗೆ ಸೇಂದಿ ಬರುತ್ತಿದ್ದುದು ಕೊಡದಲ್ಲಿ. ಶಿವಶರಣಪ್ಪನವರ ಹೆಂಡತಿ ಗುರುಲಿಂಗಮ್ಮ ಮಾತ್ರ ಆಗ ಗಂಡನ ಮುಖವನ್ನೊಮ್ಮೆ, ಸಂಗನಬಸವನ ಮುಖವನ್ನೊಮ್ಮೆ ನೋಡಿ, ಅವಲಕ್ಕಿ ತಿಂದು ಮುಗಿಸಿದ್ದಳು.

ನಿಶ್ಚಯಕ್ಕೆ ಗೊತ್ತುಮಾಡಿದ ದಿನ ಒಂದು ಸೋಮವಾರ. ಅದರ ಹಿಂದಿನ ದಿನ, ಸಹಜವಾಗಿ, ಭಾನುವಾರ.

ಅವತ್ತೊಂದು ದಿನ ಬಿಟ್ಟುಬಿಡಬಹುದಿತ್ತು ಎಂದು ಯಾರಾದರೂ ಹೇಳಬಹುದು. ಆದರೆ ಮಿತಿ ಎಂದರೆ ಹೆಚ್ಚೂ ಆಗಬಾರದು, ಕಡಿಮೆಯೂ ಆಗಬಾರದು ಎಂಬುದು ಸಂಗನಬಸವನ ವ್ಯಾಖ್ಯಾನ. ಬಾಗಿಲಲ್ಲಿ ಪಕ್ಕದ ಮನೆಯ ನಾಸೀರ್ ತನ್ನ ಸಣ್ಣ ಗೂಡ್ಸ್ ಗಾಡಿಯಲ್ಲಿ ನಾಳೆಯ ಕುರ್ಚಿಗಳನ್ನು ತಂದು ನಿಲ್ಲಿಸಿದ್ದ. ಒಳಗೆ ಮನೆಯ ಗ್ಲಾಸು, ಲೋಟ, ಚರಿಗೆಗಳೆಲ್ಲ ಬೂದಿ ಬಡಿದುಕೊಂಡು ತೊಳೆಸಿಕೊಳ್ಳಲು ಕೂತಿದ್ದವು. ಸಂಗನಬಸವ ಒಂದು ಲೋಟಕ್ಕೆ ಕೈಹಾಕಿದ.

"ಮುಟ್ಟಬ್ಯಾಡ್ರಿ!" ಎಂದಳು ಅಮರೇಶ್ವರಿ. "ಬೀಗರಿಗೆ ತಿಕ್ಕಾಕತ್ತೀನಿ."

ಬರಿಗೈಯಲ್ಲಿ ಮಾಳಿಗೆ ಹತ್ತಿದ. ಲೋಟವಿಲ್ಲ ಎಂದರೆ ನೀರು ಬೆರೆಸುವಂತಿಲ್ಲ. ಕೆಂಪು ತ್ರಿಕೋನದ ಪೆಟ್ಟಿಗೆ ತೆಗೆದ, ಬಾಟಲಿ ತೆಗೆದ, ಕೋಣೆಯ ಬಾಗಿಲಲ್ಲಿ ನಿಂತು ಇಳಿಬಿಸಿಲಿಗೆ ಕಪ್ಪು ಹಿಡಿದು ಗೆರೆ ನೋಡಿದ, ಬಾಟಲಿಯನ್ನು ವಾಪಸು ಹುಗಿದಿಟ್ಟ. ನಂತರ ಕಣ್ಣು ಮುಚ್ಚಿ ಕಪ್ಪನ್ನೇ ಬಾಯಿಗೆ ಸುರಿದುಕೊಂಡ.

ನೀರಿಲ್ಲದ ಬ್ರಾಂಡಿ ಅವನಿಗೆ ಹೊಸದು. ಗಂಟಲು ಹಿಡಿದುಕೊಂಡ, ಮುಖ ಕಿವುಚಿತು, ಕಣ್ಣಲ್ಲಿ ನೀರು ಬಂತು, ಗೋಡೆಗೆ ಒರಗಿ ಕೆಳಗೆ ಕುಸಿದ. ಪಕ್ಕದ ಮಾಳಿಗೆಯಲ್ಲಿ ಮೆಣಸಿನಕಾಯಿ ಎತ್ತಿಡಲು ಬಂದಿದ್ದ ನಾಸೀರನ ತಾಯಿ ದಾವಲ್‌ಬೀ ಇದನ್ನು ಮೊದಲಿನಿಂದ ಕೊನೆಯವರೆಗೆ ನೋಡಿದಳು.

"ಹಾಯ್ ಅಲ್ಲಾ! ಅಮರೇಶೀ! ಓಡಿ ಬಾರs! ಸಂಗಣ್ಣ ಬೆಳಿಗೆ ಹೊಡಿಯೋ ವಿಷ ಕುಡದಾನ!"

ಮಾಳಿಗೆಯ ಮೆಟ್ಟಿಲು ಅಷ್ಟು ಜನರನ್ನು ಹಿಂದೆಂದೂ ಕಂಡಿರಲಿಲ್ಲ. ಬೂದಿಗೈಯಲ್ಲೇ ಅಮರೇಶ್ವರಿ, ಅವಳ ಹಿಂದೆ ಎದುರು ಮನೆಯ ಪಂಪಮ್ಮ, ಅವಳ ಹಿಂದೆ ನಾಸೀರ್, ಅವನ ಹಿಂದೆ ಇಡೀ ಓಣಿ. ತೆರೆದ ಕೆಂಪು ತ್ರಿಕೋನದ ಪೆಟ್ಟಿಗೆ, ಕೈಯಲ್ಲಿ ಮಾಪಿನ ಕಪ್ಪು, ನೀರೊಸರುವ ಕಣ್ಣು. ಇದಕ್ಕಿಂತ ಸಾಕ್ಷಿ ಬೇಕೆ?

"ನಾ ಏನೂ ಕುಡದಿಲ್ಲ!" ಎಂದ ಸಂಗನಬಸವ.

"ಕುಡದೋರೆಲ್ಲ ಹಿಂಗs ಅಂತಾರ" ಎಂದಳು ಪಂಪಮ್ಮ. "ಹಿಡೀರಿ ಇವನ್ನ. ಅಂಟವಾಳಕಾಯಿ ನೀರು ತರ್ತೀನಿ."

"ಬಾಯಿ ವಾಸನಿ ನೋಡೋ ನಾಸೀರ್!" ಎಂದು ಯಾರೋ ಕೂಗಿದರು. ನಾಸೀರ್ ಮೂಗು ಹತ್ತಿರ ತಂದ. ಸಂಗನಬಸವನ ಅಂಗಿಗೆ ಅಂಗಡಿಯ ಔಷಧಿಯ ವಾಸನೆ ಅಂಟಿಕೊಂಡು ಎಷ್ಟೋ ವರ್ಷವಾಗಿತ್ತು, ಮೂಗು ಬಾಯಿಯ ಹತ್ತಿರ ಹೋಗುವ ಮೊದಲೇ ಅದು ಬಡಿಯಿತು. "ವಿಷನs ರೀ!" ಎಂದು ಅವನು ಹಿಂದೆ ಸರಿದ.

ಆ ಹೊತ್ತಿನಲ್ಲಿ ಒಂದೇ ಒಂದು ಮಾತು ಹೇಳಿದ್ದರೆ ಎಲ್ಲ ಮುಗಿಯುತ್ತಿತ್ತು. ಅದು ಅವನ ನಾಲಿಗೆಯ ತುದಿಗೂ ಬಂದಿತ್ತು. ಅಷ್ಟರಲ್ಲಿ ಮೆಟ್ಟಿಲ ಬಳಿ ನಿಂತಿದ್ದ ಅಶ್ವಿನಿ ಕಂಡಳು. ಅವಳ ಅಂಗೈಯಲ್ಲಿ ನಾಳೆಗೆಂದು ಹಚ್ಚಿಕೊಂಡ ಮೆಹಂದಿ ಇನ್ನೂ ಹಸಿಯಾಗಿತ್ತು. 'ಒಂದು ಹನಿ ಇದ್ರೂ ಕಾಯಿ ಒಡಿಯೂದಿಲ್ಲ.' ಸಂಗನಬಸವ ಬಾಯಿ ಮುಚ್ಚಿದ. ಪಂಪಮ್ಮ ಅದನ್ನು ತೆರೆಸಿ ಅಂಟವಾಳದ ನೊರೆನೀರು ಸುರಿದಳು.

ಮುಂದಿನದನ್ನು ವಿವರಿಸುವುದು ಬೇಡ. ಮೂವತ್ತು ಮಿಲಿಲೀಟರ್ ಬ್ರಾಂಡಿ, ಮಧ್ಯಾಹ್ನದ ಜೋಳದ ರೊಟ್ಟಿ, ಬೆಳಗಿನ ಮಂಡಕ್ಕಿ ಸುಸಲಾ, ಎಲ್ಲವೂ ಬಚ್ಚಲಿಗೆ ಸೇರಿದವು. ಹಾಗೆ ಅವನು ನಿರಪರಾಧಿ ಎಂಬುದಕ್ಕಿದ್ದ ಪುರಾವೆಯೂ ಹರಿದುಹೋಯಿತು. ಉಳಿದದ್ದು ಬಾಯ ಅಂಚಿನ ನೊರೆ.

"ನೊರಿ ಬಂತು!" ಎಂದು ಅಮರೇಶ್ವರಿ ಎದೆ ಬಡಿದುಕೊಂಡಳು.

"ಸಿಂಧನೂರಿಗೆ ನಡೀರಿ. ಅಲ್ಲಿ ದೊಡ್ಡ ದವಾಖಾನಿ ಅದಾವ" ಎಂದ ನಾಸೀರ್. ಕುರ್ಚಿ ಇಳಿಸಲು ಸಮಯವಿರಲಿಲ್ಲ. ನಾಳೆ ಬೀಗರು ಕೂರಬೇಕಿದ್ದ ಕೆಂಪು ಪ್ಲಾಸ್ಟಿಕ್ ಕುರ್ಚಿಗಳ ನಡುವೆ ಸಂಗನಬಸವನನ್ನು ಅಡ್ಡ ಮಲಗಿಸಿದರು. ತಲೆಯ ಕಡೆ ಅಮರೇಶ್ವರಿ, ಕಾಲ ಕಡೆ ದಾವಲ್‌ಬೀ, ನಾಸೀರನ ಪಕ್ಕ ಫೋನು ಹಿಡಿದ ಅಶ್ವಿನಿ. ವಿಷದ ಬಾಟಲಿ ತೋರಿಸಿದರೆ ಡಾಕ್ಟರರಿಗೆ ಅನುಕೂಲವೆಂದು ದಾವಲ್‌ಬೀ ಪೆಟ್ಟಿಗೆಯ ಮೇಲ್ಭಾಗದಲ್ಲಿ ಕೈಗೆ ಸಿಕ್ಕ ಬಾಟಲಿಯನ್ನೂ ಆ ಕಪ್ಪನ್ನೂ ಒಂದು ಬಟ್ಟೆಯಲ್ಲಿ ಗಂಟು ಕಟ್ಟಿ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಳು.

ಗಾಡಿ ನೆಗೆದಾಗಲೆಲ್ಲ ಒಂದೊಂದು ಕುರ್ಚಿ ಅವನ ಮೇಲೆ ಬೀಳುತ್ತಿತ್ತು. ಹೆಂಡತಿಗಾದರೂ ಹೇಳಿಬಿಡೋಣ ಎಂದು ಅವನು ತಲೆ ಎತ್ತಿದ. ನಾಲಿಗೆ ಕಚ್ಚಿಕೊಂಡಾನೆಂದು ದಾವಲ್‌ಬೀ ಅವನ ಬಾಯಿಗೆ ಟವೆಲು ತುರುಕಿದಳು. ಅದನ್ನು ಉಗುಳಿ ಅವನು ಪಿಸುಗುಟ್ಟಿದ:

"ಅಮರಾ, ನಾ ಕುಡದಿದ್ದು ಅದಲ್ಲ. ಬ್ಯಾರೆ."

"ಬ್ಯಾರೆದೂ ಕುಡದೀರೇನ್ರೀ?" ಅಮರೇಶ್ವರಿ ಹೌಹಾರಿದಳು. "ಚಾಚೀ, ಎರಡು ನಮೂನಿ ಕುಡದಾರಂತ! ನಾಸೀರ್, ಜೋರು ಹೊಡಿಯಪ್ಪಾ!"

ನಾಸೀರ್ ಜೋರು ಹೊಡೆದ. ಟವೆಲು ಮತ್ತೆ ಬಾಯಿಗೆ ಬಂತು.

ಅವರು ಸಿಂಧನೂರು ಮುಟ್ಟುವ ಮೊದಲೇ ಸುದ್ದಿ ಲಿಂಗಸುಗೂರು ಮುಟ್ಟಿತ್ತು. ಮಸ್ಕಿಯಿಂದ ಹೊರಟಾಗ ಅದು 'ಸಂಗಣ್ಣ ವಿಷ ಕುಡದಾನ' ಎಂದಷ್ಟೇ ಇತ್ತು. ದಾರಿಯಲ್ಲಿ ಕಾರಣವೂ ಹುಟ್ಟಿಕೊಂಡಿತು. ನಾಳೆ ನಿಶ್ಚಯ, ಇವತ್ತು ವಿಷ ಎಂದರೆ ಬೀಗರು ಏನೋ ಕೇಳಿರಬೇಕು. ಮಾತು ಶಿವಶರಣಪ್ಪನವರ ಅಂಗಡಿ ತಲುಪುವಾಗ ಅದು 'ಬೀಗರ ಕಾಟಕ್ಕ ವಿಷ ಕುಡದಾನ' ಎಂದಾಗಿತ್ತು. ಅವರು ಅಂಗಡಿಯ ಬಾಗಿಲೆಳೆದು, ಹೆಂಡತಿ, ಮಗನನ್ನು ಕಾರಿಗೆ ಹತ್ತಿಸಿಕೊಂಡು ಹೊರಟರು.

ಆಸ್ಪತ್ರೆಯಲ್ಲಿ ಡಾಕ್ಟರ್ ಸಂಘಮಿತ್ರಾ ಸಣ್ಣ ಟಾರ್ಚಿನಿಂದ ಅವನ ಕಣ್ಣು ನೋಡಿದರು, ನಾಡಿ ನೋಡಿದರು, ಎದೆಗೆ ಸ್ಟೆತಾಸ್ಕೋಪು ಇಟ್ಟರು, ಮತ್ತೆ ಕಣ್ಣು ನೋಡಿದರು. ಆಕೆ ಗಾಬರಿಯಾಗುವ ಹೆಂಗಸಲ್ಲ. ಅದೇ ಸಂಗನಬಸವನಿಗೆ ಹೆಚ್ಚು ಗಾಬರಿ ಹುಟ್ಟಿಸಿತು.

"ವಾಂತಿ ಮಾಡಿಸಿದ್ದು ಯಾರು?"

"ಓಣಿಯವ್ರು ರೀ" ಎಂದಳು ಅಮರೇಶ್ವರಿ.

"ಇನ್ನೊಮ್ಮೆ ಮಾಡಿಸಬ್ಯಾಡ್ರಿ. ವಾಂತಿ ಶ್ವಾಸಕೋಶಕ್ಕ ಹೋದ್ರ ಅದರಿಂದನs ಸಾಯ್ತಾರ. ಬಾಟ್ಲಿ ತಂದೀರೇನು?"

ದಾವಲ್‌ಬೀ ಸೊಂಟ ಮುಟ್ಟಿ ನೋಡಿಕೊಂಡಳು. ಗಂಟು ಗಾಡಿಯಲ್ಲಿ ಕುರ್ಚಿಗಳ ಸಂದಿಗೆ ಬಿದ್ದಿತ್ತು. ನಾಸೀರ್ ಹುಡುಕಲು ಓಡಿದ. ಡಾಕ್ಟರರು ನರ್ಸಿನ ಕಡೆ ತಿರುಗಿ, "ಟ್ಯೂಬ್ ತಯಾರ್ ಇಡು. ಬಾಟ್ಲಿ ನೋಡಿ ಹೇಳ್ತೀನಿ" ಎಂದರು. ನರ್ಸು ಒಂದು ಉದ್ದನೆಯ ಕೊಳವೆ ತಂದಿಟ್ಟಳು. ಗದ್ದೆಗೆ ನೀರು ಹಾಯಿಸುವ ಪೈಪುಗಳನ್ನು ಮಾರುವ ಸಂಗನಬಸವನಿಗೆ ಅದರ ದಪ್ಪ ನೋಡಿದೊಡನೆ ಅಂದಾಜಾಯಿತು. ಅವನು ಹಲ್ಲು ಬಿಗಿಹಿಡಿದ.

ವಿಷದ ಕೇಸಾದ್ದರಿಂದ ಪೊಲೀಸರಿಗೆ ತಿಳಿಸಲಾಗಿತ್ತು. ಪೇದೆ ಮುಜಾಹಿದ್ ಪೆನ್ನು ತೆಗೆದು ಮಂಚದ ಪಕ್ಕ ನಿಂತ. ಮನುಷ್ಯ ಮೃದು, ಆದರೆ ಅನುಮಾನ ಅವನ ಉದ್ಯೋಗ.

"ಕಾಕಾ, ಹೆದರಬ್ಯಾಡ್ರಿ. ನಾಳಿ ಮಗಳ ನಿಶ್ಚಯ ಅಂತಲ್ಲ? ಹುಡುಗನ ಕಡ್ಯಾರು ಏನರ ಕೇಳಿದ್ರೇನು?"

"ಇಲ್ಲಪಾ."

"ಬಂಗಾರ? ಗಾಡಿ? ಹೊಲ?"

"ಏನೂ ಕೇಳಿಲ್ಲ."

"ಏನೂ ಕೇಳಿಲ್ಲಂದ್ರ ಯಾಕ ಕುಡದ್ರಿ?" ಮುಜಾಹಿದ್ ತಲೆಯಾಡಿಸಿದ. "ಹೆದರಿಸ್ಯಾರ. ಪಾಪ."

ಸರಿಯಾಗಿ ಆಗಲೇ ವಾರ್ಡಿನ ಬಾಗಿಲಲ್ಲಿ ಶಿವಶರಣಪ್ಪನವರು ಕಾಣಿಸಿಕೊಂಡರು. ವಿಭೂತಿ ಬೆವರಿಗೆ ಕರಗಿ ಮೂಗಿನ ಮೇಲೆ ಇಳಿದಿತ್ತು. ಹಿಂದೆ ಗುರುಲಿಂಗಮ್ಮ, ಅವಳ ಹಿಂದೆ ವೀರೇಂದ್ರ.

"ನಾ ಒಂದು ರೂಪಾಯಿ ಕೇಳಿಲ್ರಿ ಸಾಹೇಬ್ರ!"

"ನೀವು ಯಾರು?"

"ಬೀಗರು ರೀ."

"ಬರ್ರಿ ಬರ್ರಿ" ಎಂದ ಮುಜಾಹಿದ್ ಹಾಳೆ ತಿರುವುತ್ತ. "ಕೇಳಿಲ್ಲ ಅನ್ನೋರದ್ದ ಮೊದಲ ಬರಕೋಬೇಕಾಗ್ತದ. ಹೆಸರು?"

"ಬೀಗರs!" ಶಿವಶರಣಪ್ಪನವರು ಮಂಚದ ಅಂಚು ಹಿಡಿದರು. "ನಾ ಏನು ತಪ್ಪು ಮಾಡೀನಿ ಹೇಳ್ರಿ. ನನ್ನ ಮಗ ಸರ್ಕಾರಿ ನೌಕರಿಯಾಗ ಅದಾನ. ಒಂದು ಕೇಸು ಆದ್ರ ಅವನ ಗತಿ ಏನು?"

ಅಶ್ವಿನಿ ವೀರೇಂದ್ರನ ಕಡೆ ನೋಡಿದಳು. ವೀರೇಂದ್ರ ನೆಲ ನೋಡಿದ. ಸುಮ್ಮನಿದ್ದರೆ ಅಳಿಯನಾಗಬೇಕಾದವನು ಠಾಣೆಗೆ ಹೋಗುತ್ತಾನೆ. ಬಾಯಿ ಬಿಟ್ಟರೆ ಸಂಬಂಧ ಹೋಗುತ್ತದೆ. ಸಂಗನಬಸವ ಜೀವಮಾನದಲ್ಲಿ ಮೊದಲ ಸಲ ಅಳತೆಯಿಲ್ಲದೆ ಒಂದು ಕೆಲಸ ಮಾಡಿದ.

"ನಾ ಕುಡದಿದ್ದು ವಿಷ ಅಲ್ರಿ! ಬ್ರಾಂಡಿ!"

ಮುಜಾಹಿದ್‌ನ ಪೆನ್ನು ನಿಂತಿತು.

ಮೊದಲು ಸಾವರಿಸಿಕೊಂಡವಳು ಅಮರೇಶ್ವರಿ. "ಸುಳ್ಳು! ಇವರ ಮಾತು ಬರಕೋಬ್ಯಾಡ್ರಿ ಸಾಹೇಬ್ರ! ನನ್ನ ಗಂಡ ಜೀವನದಾಗ ಒಂದು ಹನಿ ಮುಟ್ಟಿಲ್ಲ. ಬೀಗರನ್ನ ಉಳಸಾಕ ತಮ್ಮ ಮ್ಯಾಲ ಕಳಂಕ ಹಚ್ಚಿಕೊಳ್ಳಾಕತ್ತಾರ!"

"ಖರೇನ ರೀ" ಎಂದಳು ದಾವಲ್‌ಬೀ, ಕಣ್ಣೊರೆಸಿಕೊಳ್ಳುತ್ತ. "ಸಾಯೂ ಹೊತ್ತಿನಾಗೂ ಎಂಥಾ ದೊಡ್ಡ ಮನಸ್ಸು!"

"ಖರೇ ಬ್ರಾಂಡಿ ರೀ! ವಾರಕ್ಕೊಮ್ಮೆ ಕುಡೀತೀನಿ!"

"ಭ್ರಮಿ ಶುರು ಆತು" ಎಂದಳು ಅಮರೇಶ್ವರಿ ಡಾಕ್ಟರರಿಗೆ. "ಲಗೂನ ಪೈಪು ಹಾಕ್ರಿ ಮೇಡಂ!"

ದಿನಾ ಕುಡಿದು ಗಟಾರಕ್ಕೆ ಬೀಳುವವನಿಗೆ ಇಡೀ ಊರೇ ಸಾಕ್ಷಿ. ಹಿತಮಿತವಾಗಿ ಕುಡಿದವನ ಪರವಾಗಿ ಹೇಳಲು ಒಬ್ಬನೂ ಇಲ್ಲ. ಬ್ರಾಂಡಿಯನ್ನು ಅವನು ತರುತ್ತಿದ್ದುದು ಪರಸ್ಥಳದಿಂದ, ಮುಖಕ್ಕೆ ಕರವಸ್ತ್ರ ಕಟ್ಟಿಕೊಂಡು. ಕುಡಿದ ಮೇಲೆ ಸೋಂಪು, ಲವಂಗ, ಅದರ ಮೇಲೊಂದು ವೀಳ್ಯದೆಲೆ. ಇಷ್ಟು ವರ್ಷ ಜೋಪಾನವಾಗಿ ಕಟ್ಟಿದ ಒಳ್ಳೆಯ ಹೆಸರು ಈಗ ಕೊಳವೆ ಹಿಡಿದು ಅವನ ಎದುರು ನಿಂತಿತ್ತು.

"ಅಪ್ಪಾ ಹೇಳಾಕತ್ತಿದ್ದು ಖರೇ ಇರಬಹುದು" ಎಂದು ಅಶ್ವಿನಿ ಮೆಲ್ಲಗೆ ಶುರುಮಾಡಿದಳು. "ನಾ ಓದೂವಾಗ ಭಾನುವಾರ ಒಂದಿನ ಊಟಕ್ಕ ಕೂತಾಗ ಅವರು ನನಗ ಮಾರ್ಕ್ಸ್ ಕೇಳ್ತಿದ್ದಿಲ್ಲ, ಬೈತಿದ್ದಿಲ್ಲ. ನನಗ ಬಹಳ ದಿನದಿಂದ ಅನುಮಾನ ಇತ್ತು."

ಆ ಮಾತನ್ನೂ ಯಾರೂ ಸಾಕ್ಷಿ ಎಂದು ಒಪ್ಪಲಿಲ್ಲ. ಅಷ್ಟರಲ್ಲಿ ನಾಸೀರ್ ಗಂಟಿನೊಂದಿಗೆ ಓಡಿ ಬಂದ. ಡಾಕ್ಟರರು ಬಾಟಲಿ ಕೈಗೆತ್ತಿಕೊಂಡು ದೀಪದ ಕೆಳಗೆ ಹಿಡಿದರು. ಕೆಂಪು ತ್ರಿಕೋನ ಹೊಳೆಯಿತು. ಅಮರೇಶ್ವರಿ ಗೋಳಿಟ್ಟಳು. ಡಾಕ್ಟರರು ಮುಚ್ಚಳವನ್ನು ಒಮ್ಮೆ ತಿರುಗಿಸಿ ನೋಡಿದರು.

"ಇದರ ಸೀಲೇ ಒಡದಿಲ್ಲಲ್ಲ."

"ಹಂಗಾದ್ರ ಮತ್ತೊಂದು ಬಾಟ್ಲಿ ಇರಬೇಕು ರೀ" ಎಂದಳು ಅಮರೇಶ್ವರಿ. ಗಂಡ ವಿಷ ಕುಡಿದಿದ್ದಾನೆ ಎಂಬುದನ್ನು ಬಿಟ್ಟುಕೊಡಲು ಅವಳು ತಯಾರಿರಲಿಲ್ಲ.

ಅಲ್ಲಿಯವರೆಗೆ ಗಂಡನ ಹಿಂದೆ ನಿಂತಿದ್ದ ಗುರುಲಿಂಗಮ್ಮ ಮುಂದೆ ಬಂದು ಗಂಟಿನಿಂದ ಕಪ್ಪು ಎತ್ತಿಕೊಂಡಳು. "ವಿಷ ಇದ್ರ ಮೂಸಬಾರದು" ಎಂದು ಡಾಕ್ಟರರು ಕೈ ಚಾಚುವಷ್ಟರಲ್ಲಿ ಅವಳು ದೂರದಿಂದಲೇ ಒಂದು ಸಲ ಉಸಿರೆಳೆದುಕೊಂಡಿದ್ದಳು.

"ಬ್ರಾಂಡಿ" ಎಂದಳು. ಕಪ್ಪು ಕೆಳಗಿಳಿಸಿ, "ಹಗುರ ರೇಟಿಂದು" ಎಂದಳು.

ಎಲ್ಲರೂ ಅವಳನ್ನು ನೋಡಿದರು. ಡಾಕ್ಟರರು ಕಪ್ಪು ತೆಗೆದುಕೊಂಡು ಮೂಗಿನ ಮುಂದೆ ಗಾಳಿ ಬೀಸಿಕೊಂಡು ನೋಡಿ, ತಲೆಯಾಡಿಸಿದರು. "ಹೌದು. ಆದ್ರ ಅಮ್ಮಾರ, ನಿಮಗ ಹೆಂಗ ಗೊತ್ತಾತು?"

"ಈ ವಾಸನಿ ಪಕ್ಕದಾಗ ಮಲಗಿ ನನ್ನ ಕೂದಲ ಬೆಳ್ಳಗಾಗ್ಯಾವ್ರಿ" ಎಂದಳು ಗುರುಲಿಂಗಮ್ಮ.

ಈಗ ಎಲ್ಲರೂ ಶಿವಶರಣಪ್ಪನವರನ್ನು ನೋಡಿದರು. ಅವರು ಗೋಡೆಯ ಮೇಲಿನ, ಧೂಮಪಾನ ನಿಷೇಧಿಸಲಾಗಿದೆ ಎಂಬ ಫಲಕವನ್ನು ಬಹಳ ಆಸಕ್ತಿಯಿಂದ ಓದುತ್ತಿದ್ದರು.

"ಭಾಷಣ ಮಾಡಿ ಬಂದ ದಿನ ಗಂಟಲ ಒಣಗಿರ್ತದಂತ. ಅವತ್ತು ಇನ್ನs ಹೆಚ್ಚು." ಗುರುಲಿಂಗಮ್ಮ ಮಂಚದ ಹತ್ತಿರ ಬಂದಳು. "ಬೀಗರs, ನೀವು ಎಷ್ಟು ಕುಡೀತೀರಿ?"

"ಆ ಗೆರಿ ತನಕ ರೀ" ಎಂದ ಸಂಗನಬಸವ. ಜೀವ ಹೋದರೂ ಅಂಕಿ ತಪ್ಪಬಾರದೆಂದು ಸೇರಿಸಿದ: "ಕೆಳಗಿನ ಗೆರಿ."

"ದಿನಾ?"

"ಇಲ್ರಿ. ಭಾನುವಾರ."

ಗುರುಲಿಂಗಮ್ಮ ಕಪ್ಪಿನ ಗೆರೆಯನ್ನು ದೀಪಕ್ಕೆ ಹಿಡಿದು ನೋಡಿದಳು, ಗಂಡನ ಕಡೆ ನೋಡಿದಳು, ಮತ್ತೆ ಗೆರೆ ನೋಡಿದಳು. "ನಮ್ಮನಿಯವರದು ಚರಿಗಿ ಅಳತಿ" ಎಂದಳು. "ನಾಳಿ ನಿಶ್ಚಯ ಆಗ್ತದ. ನಮಗ ಬಂಗಾರ ಬ್ಯಾಡ, ರೊಕ್ಕ ಬ್ಯಾಡ. ಈ ಕಪ್ ಬೇಕು."

"ವರದಕ್ಷಿಣಿ ಅಂತ ಬರಕೋಬೇಕೇನು?" ಎಂದ ಮುಜಾಹಿದ್. ಯಾರೂ ನಗಲಿಲ್ಲ. ಅವನು ಹಾಳೆ ಮಡಚಿ, ವಿಷ ಕುಡಿದಿಲ್ಲ ಎಂದಷ್ಟೇ ಬರೆದುಕೊಂಡು ಹೊರಟ.

"ಈ ಕಪ್ ಕೊಡೂದಿಲ್ಲ" ಎಂದರು ಡಾಕ್ಟರ್ ಸಂಘಮಿತ್ರಾ. ಮೊದಲ ಸಲ ಅವರ ದನಿ ಏರಿತು. "ಕೆಂಪು ತ್ರಿಕೋನದ ಪೆಟ್ಟಿಗ್ಯಾಗ ಕುಡಿಯೂದು ಇಡ್ತಾರೇನ್ರಿ ಯಾರರ? ಕತ್ಲಾಗ ಒಂದು ದಿನ ಕೈ ತಪ್ಪಿದ್ರ ಇವತ್ತಿನ ಗದ್ಲ ಖರೇ ಆಗ್ತಿತ್ತು."

ಸಂಗನಬಸವ ಆ ಸೀಲು ಒಡೆಯದ ಬಾಟಲಿ ನೋಡಿದ. ತನ್ನ ಬ್ರಾಂಡಿಯೂ ಅದೂ ಹೆಚ್ಚುಕಡಿಮೆ ಒಂದೇ ಎತ್ತರ, ಒಂದೇ ಬಣ್ಣ. ಸಂಜೆಯಿಂದ ಓಣಿಯೆಲ್ಲ ಪಟ್ಟ ಭಯ ಆಗ ಅವನೊಬ್ಬನಿಗೇ ಬಂತು.

ಡಾಕ್ಟರರು ಆ ಕಪ್ಪನ್ನು ಕಸದ ಡಬ್ಬಿಗೆ ಹಾಕಿ, ಕೆಮ್ಮಿನ ಔಷಧ ಅಳೆಯುವ ಎರಡು ಹೊಸ ಕಪ್ಪುಗಳನ್ನು ತರಿಸಿ ಇಬ್ಬರು ಬೀಗರಿಗೂ ಒಂದೊಂದು ಕೊಟ್ಟರು. "ಕಡಿಮಿ ಕುಡದ್ರ ಕಡಿಮಿ ಕೆಡ್ತದ. ಕೆಡೂದೇ ಇಲ್ಲ ಅಂತ ನಾ ಹೇಳೂದಿಲ್ಲ. ಬಿಟ್ರ ಎಲ್ಲಾದಕ್ಕಿಂತ ಚಲೋ."

ಲೇಖನದ ಹಾಗೆಯೇ ಇದರಲ್ಲೂ ಸಂಗನಬಸವ ಮೊದಲ ವಾಕ್ಯವನ್ನು ಚೆನ್ನಾಗಿ ನೆನಪಿಟ್ಟುಕೊಂಡ. ಗುರುಲಿಂಗಮ್ಮ ಮೂರನ್ನೂ ನೆನಪಿಟ್ಟುಕೊಂಡಳು.

ಸೋಮವಾರ, ಸ್ವಲ್ಪ ಸೊಟ್ಟಗಾದ ಕೆಂಪು ಕುರ್ಚಿಗಳ ಮೇಲೆ ಎರಡೂ ಕಡೆಯವರು ಕೂತು ನಿಶ್ಚಯ ಮುಗಿಸಿದರು. ಕಾಯಿ ಒಡೆದದ್ದು ಶಿವಶರಣಪ್ಪನವರೇ. ಭಾಷಣ ಮಾತ್ರ ಮಾಡಲಿಲ್ಲ. ಅಮರೇಶ್ವರಿ ಗಂಡನೊಡನೆ ಮಾತು ಬಿಟ್ಟಿದ್ದಳು. ಕುಡಿದದ್ದಕ್ಕಲ್ಲ, ಇಷ್ಟು ವರ್ಷ ತನಗೆ ಗೊತ್ತಾಗದಂತೆ ಕುಡಿದದ್ದಕ್ಕೆ. ಶನಿವಾರ ಅವಳು ಒಂದೇ ವಾಕ್ಯದಲ್ಲಿ ರಾಜಿಯಾದಳು: "ಕುಡಿಯೂದಾದ್ರ ಎದುರಿಗೆ ಕುಡೀರಿ, ನೀರು ಹಾಕ್ಕೊಂಡು."

ಮರುದಿನ ಸಂಜೆ ಸಂಗನಬಸವ ತೊಳೆದ ಲೋಟ ಹಿಡಿದು, ಬಾಗಿಲು ತೆರೆದೇ ಮಾಳಿಗೆಯಲ್ಲಿ ಕೂತ. ಔಷಧದ ಕಪ್ಪಿನಲ್ಲಿ ಗೆರೆ ನೋಡಿ ಅಳೆಯುತ್ತಿರುವಾಗ ಫೋನು ಬಂತು. ಆ ಕಡೆ ಶಿವಶರಣಪ್ಪನವರು, ಪಿಸುದನಿಯಲ್ಲಿ.

"ಬೀಗರs, ಈ ಕಪ್ಪಿನ್ಯಾಗ ಗೆರಿ ಬಹಳ ಅದಾವಲ್ಲ. ಮ್ಯಾಲಿನ ಗೆರಿ ತನಕ ತುಂಬಿದ್ರ ಸೈ ಏನು?"

ಹಿಂದಿನಿಂದ ಗುರುಲಿಂಗಮ್ಮನ ದನಿ ಕೇಳಿಸಿತು: "ಕೆಳಗಿಂದು ಅಂತ ಹೇಳ್ರಿ ಬೀಗರs!"

"ಕೆಳಗಿಂದು ರೀ" ಎಂದ ಸಂಗನಬಸವ.

ಲಿಂಗಸುಗೂರಿನಲ್ಲಿ ಯಾರೋ ದೀರ್ಘವಾಗಿ ನಿಟ್ಟುಸಿರು ಬಿಟ್ಟದ್ದು ಮಸ್ಕಿಯವರೆಗೆ ಸ್ಪಷ್ಟವಾಗಿ ಕೇಳಿಸಿತು. ಸಂಗನಬಸವ ಫೋನು ಇಟ್ಟು, ನೀರು ಬೆರೆಸಿ, ಲೋಟ ಎತ್ತಿದ. ಪಕ್ಕದ ಮಾಳಿಗೆಯಲ್ಲಿ ಮೆಣಸಿನಕಾಯಿಯ ಚೀಲ ಕೆಳಗಿಟ್ಟು ದಾವಲ್‌ಬೀ ಸೊಂಟದ ಮೇಲೆ ಕೈಯಿಟ್ಟಳು.

"ಸಂಗಣ್ಣ, ಇವತ್ತು ಕುಡಿಯೂದೋ, ಸಾಯೂದೋ? ಮೊದಲs ಹೇಳಿಬಿಡು. ನಾಸೀರ್ ಗಾಡಿ ತಗೊಂಡು ಬಳಗಾನೂರಿಗೆ ಹೊಂಟಾನ, ನಿಲ್ಲಸಬೇಕಾದ್ರ ಈಗs ನಿಲ್ಲಸ್ತೀನಿ."